ತಂಗಿಯ ವಿಮಾನಕ್ಕೆ ನಾನು ಆರಿಸಿದ ಜಿಪಿಎಸ್

ನನ್ನ ತಂಗಿ ಸುವರ್ಣಾ ಕಳಿಸಿದ ನಾಲ್ಕು ನಿಮಿಷದ ವಾಯ್ಸ್ ಮೆಸೇಜನ್ನು ನಾನು ಒಂದೂವರೆ ನಿಮಿಷ ಮಾತ್ರ ಕೇಳಿದೆ. ನನ್ನ ಅಪರಾಧ ಇಷ್ಟೇ. ಇದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ಮನೆಯವರ ವಾಯ್ಸ್ ಮೆಸೇಜನ್ನು ಕೊನೆತನಕ ಕೇಳುವ ಪುಣ್ಯಾತ್ಮರು ಎಷ್ಟು ಜನ ಇದ್ದಾರು? ನಮ್ಮ ಅವ್ವನ ಮೆಸೇಜಂತೂ ಎಮ್ಮೆಯಿಂದ ಶುರುವಾಗಿ, ಸರಸಂಬಾದ ಬೀಗರ ಮೊಣಕಾಲು ನೋವಿಗೆ ಹೋಗಿ, ‘ಬರುವಾಗ ಚಾಪುಡಿ ತಗೊಂಬಾ’ ಎಂದು ಮುಗಿಯುತ್ತದೆ. ಆ ಚಾಪುಡಿಯವರೆಗೆ ನಾನು ಒಮ್ಮೆಯೂ ಮುಟ್ಟಿದವನಲ್ಲ. ಆದರೆ ತಂಗಿಯ ಮೆಸೇಜು ವಿಮಾನದ್ದಾಗಿತ್ತು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅಫಜಲಪುರದಲ್ಲಿ ಪಂಪಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿ ನನ್ನದು. ನಾನು ಬಿಟ್ಟ ಓದನ್ನೆಲ್ಲ ಸೇರಿಸಿ ಓದಿದ ತಂಗಿ ಈಗ ಕಲಬುರಗಿಯಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ಹಾರುವಾಗ ನಕಾಶೆ ನೋಡಲು ಅವಳ ಬಳಿ ಒಂದು ಟ್ಯಾಬ್ ಇದೆ. ಅದು ಸಿಮ್ ಹಾಕದ ಅಗ್ಗದ ಟ್ಯಾಬ್. “ನಕಾಶೆ ಪೂರಾ ತೋರಸ್ತದಣ್ಣಾ, ಆದ್ರ ನಾ ಎಲ್ಲಿದ್ದೇನಿ ಅಂಬೋದು ಅದಕ್ಕ ತಿಳಿಯಂಗಿಲ್ಲ” ಎಂದಿತ್ತು ಮೆಸೇಜು. ಅದಕ್ಕೆ ಬೇರೆಯಾಗಿ ಒಂದು ಸಣ್ಣ ಜಿಪಿಎಸ್ ಡಬ್ಬಿ ಬೇಕು. ಜೊತೆಯವರ ಡಬ್ಬಿಗಳ ಬೆಲೆಗೆ ಒಂದು ಹಳೆಯ ಬೈಕೇ ಬರುತ್ತದೆ. “ಇಂಥಾ ಸಾಮಾನಿನ ಗುಟ್ಟು ನಿಂಗ ಗೊತ್ತದ. ಅಗ್ಗದ್ದು, ಖರೇ ತೋರಿಸೋದು ಒಂದು ನೀನೇ ನೋಡು. ವೈರ್ ಇರಬಾರದು, ನಾಕು ತಾಸು ಚಾರ್ಜ್ ನಿಲ್ಲಬೇಕು...” ಅಷ್ಟರಲ್ಲಿ ಕಿಣ್ಣಿ ಸುಲ್ತಾನದ ರೈತರೊಬ್ಬರು ಸುಟ್ಟ ಮೋಟಾರು ಹೊತ್ತು ತಂದರು. ಮೆಸೇಜು ನಿಲ್ಲಿಸಿದೆ. ಉಳಿದದ್ದು ‘ಆರಾಮಿದ್ದೀಯಾ, ಉಂಡ್ಯಾ’ ಇರಬಹುದೆಂದು ನಾನೇ ತೀರ್ಮಾನಿಸಿಬಿಟ್ಟೆ.

ಪಕ್ಕದ ಮೊಬೈಲ್ ಅಂಗಡಿಯ ಮೈಬೂಬ್ ತನ್ನ ಫೋನಿನಲ್ಲಿ ಮೂರು ಡಬ್ಬಿ ತೋರಿಸಿದ. ಒಂದಕ್ಕೆ ಬಾಲದಂತೆ ವೈರು. ಇನ್ನೊಂದರ ಬೆಲೆ ಕೇಳಿ ಇಬ್ಬರೂ ಚಹಾ ತರಿಸಿಕೊಂಡೆವು. ಮೂರನೆಯದು ಬೆಂಕಿಪೊಟ್ಟಣದಷ್ಟು, ಅಗ್ಗ. ಕಾರಿನ ಮೇಲೆ ಅಂಟಿಸಲು ಕೆಳಗೆ ಮ್ಯಾಗ್ನೆಟ್ಟು ಬೇರೆ. “ಇದೇ ತಗೋ ಭಾಯ್. ಕೂತಲ್ಲೇ ಕೂಡ್ತದ, ಮಾವನ ಮನ್ಯಾಗ ನೀ ಕೂತಂಗ” ಎಂದ ಮೈಬೂಬ್. ನಾನು ದಿನಾ ಮ್ಯಾಗ್ನೆಟ್ಟಿನೊಡನೆ ಬದುಕುವವನು. ತಾಮ್ರ ಎಂದು ಯಾರೇ ಏನೇ ತಂದರೂ ಮೊದಲು ಮ್ಯಾಗ್ನೆಟ್ ತಾಗಿಸಿ ನೋಡಿಯೇ ನಂಬುತ್ತೇನೆ. ಡಬ್ಬಿ ಬಂತು. ಅದರ ಮ್ಯಾಗ್ನೆಟ್ಟು ಒಂದು ಸ್ಪ್ಯಾನರನ್ನೂ ಹಿಡಿಯಲಿಲ್ಲ. ಇಂಥದ್ದನ್ನು ನಂಬಿ ತಂಗಿ ಆಕಾಶಕ್ಕೆ ಹೋಗುವುದೆ? ಕೆಟ್ಟುಹೋದ ದೊಡ್ಡ ಸ್ಪೀಕರಿನಿಂದ ಅಂಗೈ ಅಗಲದ ಮ್ಯಾಗ್ನೆಟ್ ಕಿತ್ತು, ಡಬ್ಬಿಯ ಬುಡಕ್ಕೆ ಅಂಟಿಸಿ, ಚಂದ ಕಾಣಲೆಂದು ಕಪ್ಪು ಟೇಪು ಸುತ್ತಿದೆ. ಬೈಕಿನ ಟ್ಯಾಂಕಿನ ಮೇಲೆ ಇಟ್ಟರೆ ಎರಡು ಕೈಯಿಂದ ಎಳೆದರೂ ಬರಲಿಲ್ಲ. ಹಾಗೇ ಜೇವರ್ಗಿಯವರೆಗೆ ಹೊಡೆದೆವು. ಪರೀಕ್ಷಿಸಲೆಂದು ತಂಗಿ ಬಸ್ಸಿಗೆ ಕಳಿಸಿಕೊಟ್ಟಿದ್ದ ಟ್ಯಾಬ್ ಹಿಡಿದು ಮೈಬೂಬ್ ಹಿಂದೆ ಕುಳಿತಿದ್ದ. ಭೀಮಾ ನದಿಯ ಸೇತುವೆಯ ಮೇಲೆ ನಾವಿದ್ದಾಗ ನೀಲಿ ಚುಕ್ಕೆಯೂ ಸೇತುವೆಯ ಮೇಲೇ ಇತ್ತು. ‘ಟೆಸ್ಟ್ ಆಗ್ಯದ, ಕಣ್ಣು ಮುಚ್ಚಿ ಹಾರು’ ಎಂದು ತಂಗಿಗೆ ಹೇಳಿ ಟ್ಯಾಬು, ಡಬ್ಬಿ ಎರಡನ್ನೂ ಕಳಿಸಿದೆ.

ಅವಳು ಮೊದಲ ಸಲ ಒಬ್ಬಳೇ ದೂರ ಹಾರುವ ದಿನ ಬಂತು. ಆಳಂದ ದಾಟಿ, ನಮ್ಮ ಅಫಜಲಪುರದ ಮೇಲಿಂದ ಜೇವರ್ಗಿಗೆ, ಅಲ್ಲಿಂದ ವಾಪಸ್ಸು. ನಾನು ಕೆಂಪು ಟವೆಲ್ ಹಿಡಿದು ಅಂಗಡಿಯ ಮಾಳಿಗೆ ಹತ್ತಿದೆ. ನಾನೇ ಡಂಗುರ ಸಾರಿದ್ದರಿಂದ ಅರ್ಧ ಬಜಾರು ನನ್ನ ಹಿಂದೆ ಹತ್ತಿತ್ತು. ಹತ್ತು ಗಂಟೆಗೆ ಒಂದು ಹದ್ದು ಬಂತು. ಹನ್ನೊಂದಕ್ಕೆ ಅದೂ ಹೋಯಿತು. “ಯಾಕಲೇ, ನಿನ್ನ ತಂಗಿ ಬಸ್ಸಿಗಿ ಬರಾಕತ್ತಾಳೇನು?” ಎಂದು ಯಾರೋ ಕೆಣಕಿದರು. ಆಗ ಫೋನು ಬಂತು.

“ಅಣ್ಣಾ, ಆ ಡಬ್ಬಿ ಬುಡಕ್ಕ ಏನು ಹಚ್ಚೀದಿ?”

“ಸ್ಪೀಕರಿಂದು ಮ್ಯಾಗ್ನೆಟ್ ಬೇ. ಬಿರುಗಾಳಿ ಬಂದ್ರೂ ಅಳ್ಳಾಡಂಗಿಲ್ಲ!”

ಅವಳು ನಡೆದದ್ದನ್ನು ಹೇಳಿದಳು. ಡಬ್ಬಿಯನ್ನು ಅವಳು ಕಣ್ಣ ಮುಂದೆ, ದಿಕ್ಸೂಚಿಯ ಬಾಜೂಕೇ ಇಟ್ಟಿದ್ದಳು. ರನ್‌ವೇಗೆ ಹೋಗಿ ನಿಂತರೆ ವಿಮಾನದ ಮುಖ ಒಂದು ಕಡೆ, ದಿಕ್ಸೂಚಿ ತೋರಿಸುವುದು ಇನ್ನೊಂದು ಕಡೆ; ನನ್ನ ಮ್ಯಾಗ್ನೆಟ್ಟು ಅದರ ಮುಳ್ಳನ್ನೇ ತನ್ನತ್ತ ಎಳೆದುಕೊಂಡಿತ್ತು. ಏರುವುದನ್ನು ಬಿಟ್ಟು ತಿರುಗಿ ಬಂದಳು. “ಯಾರು ಆರಿಸಿದ್ದು ಇದನ್ನ ಅಂತ ಹಾರೋದು ಕಲಿಸೋ ಸರ್ ಕೇಳಿದ್ರು. ನಾನೇ ಆರಿಸೀನಿ ಅಂದೆ. ಇಷ್ಟೂ ತಿಳೀದವಳನ್ನ ಒಬ್ಬಾಕಿನ್ನ ಹೆಂಗ ಬಿಡ್ಲಿ ಅಂದ್ರು. ಈಗ ಮತ್ತ ಮೊದಲಿನಿಂದ ಪರೀಕ್ಷಾ. ಮ್ಯಾಗ್ನೆಟ್ ಇರೋದು ಬ್ಯಾಡಂತ ಮೆಸೇಜಿನ್ಯಾಗ ಹೇಳಿದ್ನಲ್ಲಣ್ಣಾ, ಕೇಳಿದ್ದಿಲ್ಲೇನು?”

“ಪೂರ್ತಿ ಕೇಳೇನಿ. ಮರ್ತಿದ್ದೆ” ಎಂದೆ. ಮಾಳಿಗೆಯ ಮೇಲೆ ಅಷ್ಟು ಜನರ ನಡುವೆ ನನ್ನ ಬಾಯಿಂದ ಬಂದದ್ದು ಅದು.

ಎಲ್ಲರೂ ಇಳಿದ ಮೇಲೆ ಮೆಸೇಜನ್ನು ಕೊನೆತನಕ ಕೇಳಿದೆ. ಎರಡನೇ ನಿಮಿಷಕ್ಕೆ ಮ್ಯಾಗ್ನೆಟ್ಟಿನ ಮಾತು ಇತ್ತು. ನಾಲ್ಕನೆಯದಕ್ಕೆ ಹೀಗಿತ್ತು: “ಇಲ್ಲಿ ಯಾರಿಗೂ ಕೇಳಿಲ್ಲಣ್ಣಾ. ನೀ ಆರಿಸಿದ್ದು ಅಂದ್ರ ನಂಗ ಧೈರ್ಯ.” ಕೈಯಲ್ಲಿದ್ದ ಟವೆಲ್ಲಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಎದುರಿಗೆ ಹೇಳಲು ನಾಚಿಕೆ. ಹಾಗಾಗಿ ಕ್ಷಮೆ ಕೇಳಲು ನಾನೂ ಒಂದು ವಾಯ್ಸ್ ಮೆಸೇಜು ಮಾಡಿದೆ. ಮೋಟಾರಿನಿಂದ ಶುರು ಮಾಡಿದೆ, ಮಳೆಗೆ ಹೋದೆ, ಅವ್ವನ ಎಮ್ಮೆಯ ಜ್ವರವನ್ನು ಮುಟ್ಟಿದೆ. ಕ್ಷಮೆ ಬಂದದ್ದು ಮೂರನೇ ನಿಮಿಷಕ್ಕೆ. ಕಳಿಸಿ ಎರಡು ನಿಮಿಷವೂ ಆಗಿರಲಿಲ್ಲ, ಉತ್ತರ ಬಂತು: “ಹೂಂ ಅಣ್ಣಾ. ಎಮ್ಮಿ ಹುಷಾರಾತೇನು?” ತಂಗಿ ಯಾರ ತಂಗಿ!

ಭಾನುವಾರ ಅವಳು ಬಸ್ಸಿಳಿದು ಅಂಗಡಿಗೇ ಬಂದಳು. ಮ್ಯಾಗ್ನೆಟ್ ಇಲ್ಲದ ಹೊಸ ಡಬ್ಬಿ ತರಿಸಿ, ಸೂಜಿ ತಾಗಿಸಿ ಪರೀಕ್ಷಿಸಿ ಇಟ್ಟಿದ್ದೆ. ಅದನ್ನು ಅವಳ ಕೈಗಿಟ್ಟೆ. ನಾಲಿಗೆಯ ತುದಿಗೆ ಮತ್ತೆ ಎಮ್ಮೆಯೇ ಬಂದಿತ್ತು, ನುಂಗಿಕೊಂಡೆ.

“ಸುವರ್ಣಾ, ನಾ ನಿನ್ನ ಮಾತು ಪೂರ್ತಿ ಕೇಳಿದ್ದಿಲ್ಲ. ಕೇಳೇನಿ ಅಂತ ಸುಳ್ಳೂ ಹೇಳಿದೆ. ನಿಮ್ಮ ಸರ್ ಮುಂದೂ ಬಂದು ಹೇಳ್ತೇನಿ, ನಡಿ. ತಪ್ಪಾತವ್ವ ತಂಗಿ.”