ಟಕ್ ಅಂತದ, ಆದ್ರ ಏಳೂದಿಲ್ಲ

ಇಡೀ ಕೋಲ್ಕತ್ತಾದಲ್ಲಿ ನನ್ನ ಸೋದರಮಾವನಷ್ಟು ಸುಖಿ ಇನ್ನೊಬ್ಬನಿಲ್ಲ ಎಂದರೆ ಅವನನ್ನು ಬಲ್ಲವರು ನನ್ನನ್ನು ಹೊಡೆಯಲು ಬರುತ್ತಾರೆ. ಆದರೆ ನೀವೇ ವಿಚಾರ ಮಾಡಿ! ಎಲ್ಲವೂ ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಗೊತ್ತಿರುವ ಮನುಷ್ಯನಿಗೆ ನಿರಾಶೆ ಎಲ್ಲಿಂದ ಬರಬೇಕು? ನಾವೆಲ್ಲ ಒಳ್ಳೆಯದನ್ನು ಕಾದು ಕಾದು ಸೋಲುತ್ತೇವೆ. ಮಾಮಾ ಕೆಟ್ಟದ್ದನ್ನು ಕಾಯುತ್ತಾನೆ. ಅದು ಸಾಮಾನ್ಯವಾಗಿ ಬಂದೇ ಬರುತ್ತದೆ. ಬಂದಾಗ "ನಾ ಹೇಳಿದ್ದಿಲ್ಲೇನು?" ಎಂದು ಮೀಸೆಯ ಮೇಲೆ ಕೈಯಾಡಿಸುತ್ತಾನೆ.

ಧಾರವಾಡದ ಕಡೆಯವನು. ರೈಲ್ವೆಯ ವಿದ್ಯುತ್ ವಿಭಾಗದ ನೌಕರಿಗೆಂದು ಇಲ್ಲಿಗೆ ಬಂದು, ಇಲ್ಲಿಯೇ ನಿವೃತ್ತನಾಗಿ, ಬೆಹಾಲಾದ ಒಂದು ಗಲ್ಲಿಯಲ್ಲಿ ಮಾಮಿಯ ಜೊತೆ ಇದ್ದಾನೆ. ಅವರಿಗೆ ಮಕ್ಕಳಿಲ್ಲ. ನಾನು ಸಾಲ್ಟ್ ಲೇಕಿನಲ್ಲಿ ಇರುವುದರಿಂದ, ರಜೆ ಸಿಕ್ಕಾಗಲೆಲ್ಲ ಊರಿನ ಈ ತುದಿಯಿಂದ ಆ ತುದಿಗೆ ಬಸ್ಸು ಹಿಡಿದು ಹೋಗಿ ಅವನ ಭವಿಷ್ಯವಾಣಿ ಕೇಳಿಸಿಕೊಂಡು ಬರುತ್ತೇನೆ.

ನನ್ನ ಮಗಳು ಕ್ಲಾಸಿಗೇ ಮೊದಲು ಬಂದಾಗ ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದುಕೊಂಡು ಹೋಗಿದ್ದೆವು. ಮಾಮಾ ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಟ್ಟುಸಿರು ಬಿಟ್ಟ. "ಪಹಿಲಾ ನಂಬರ್ ಬಂತೇನು? ಪಾಪ. ಇನ್ನ ಇಳೀಲಿಕ್ಕಷ್ಟ ಜಾಗಾ ಅದ." ಅರೆಬರೆ ಕನ್ನಡದ ನನ್ನ ಮಗಳು ಕಿವಿಯಲ್ಲಿ ಕೇಳಿದಳು, "ಮಮ್ಮಿ, ಅಜ್ಜ ಕ್ಯಾ ಬೋಲೇ?" ಆಶೀರ್ವಾದ ಮಾಡಿದರು ಎಂದೆ. ಮತ್ತೇನು ಹೇಳಲಿ?

ಇನ್ನೊಮ್ಮೆ ದುರ್ಗಾಪೂಜೆಗೆ ಅವರ ಪಾಡಾದವರು, ಎಂದರೆ ಓಣಿಯವರು, ಭಾರಿ ಪೆಂಡಾಲು ಹಾಕಿದ್ದರು. ಊರಿಗೆ ಊರೇ ಬಂದು ದೇವಿಯ ಮುಖ ನೋಡುತ್ತಿದ್ದರೆ ಮಾಮಾ ಹಿಂದೆ ಹೋಗಿ ಬಿದಿರಿನ ಕಟ್ಟು ನೋಡಿ ಬಂದ. "ಅಷ್ಟಮಿತನಕ ತಡೀತದ. ಮುಂದಿಂದು ಹೇಳಲಿಕ್ಕೆ ಬರೂದಿಲ್ಲ." ಅಷ್ಟಮಿ ಕಳೆಯಿತು, ನವಮಿ ಕಳೆಯಿತು, ಪೆಂಡಾಲು ಬಂಡೆಯ ಹಾಗೆ ನಿಂತಿತ್ತು. ವಿಸರ್ಜನೆ ಮುಗಿದ ಮೇಲೆ ಕೆಲಸದವರು ಬಂದು ಬಿದಿರು ಬಿಚ್ಚತೊಡಗಿದರು. ಮಾಮಾ ಕಿಟಕಿಯಿಂದಲೇ ಮಾಮಿಯನ್ನು ಕರೆದ: "ಬಾ, ಬಾ, ಬೀಳ್ಲಿಕ್ಕತ್ತದ ನೋಡು!"

ಮಾಮಿ ಇವನಿಗೆ ಪೂರಾ ಉಲ್ಟಾ. ನಗುವುದಕ್ಕೆ ಅವಳಿಗೆ ಕಾರಣವೇ ಬೇಡ. ಅಂಥವಳ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರು ಮಾಮಾನನ್ನೂ ನನ್ನನ್ನೂ ನಿಲ್ಲಿಸಿಕೊಂಡು, ಹೃದಯವೂ ಸೋತಿದೆ, ಬೇರೆ ಕಿಡ್ನಿ ಹಾಕುವ ಹಾಗಿಲ್ಲ, ಎಷ್ಟು ದಿನ ನಡೆಯುತ್ತದೋ ಹೀಗೇ ನಡೆಸೋಣ ಎಂದರು. ನಾನು ಮಾಮಾನ ಮುಖ ನೋಡಿದೆ. ಪಕ್ಕದ ಮನೆಯ ನೀರಿನ ಪಂಪಿಗೂ ಜಾತಕ ಬರೆಯುವ ಮನುಷ್ಯ ಚಪ್ಪಲಿಯೊಳಗಿನ ತನ್ನ ಹೆಬ್ಬೆರಳು ನೋಡುತ್ತ ನಿಂತಿದ್ದ.

ಆಸ್ಪತ್ರೆಗೆ ಹೋಗಿ ಬರುವುದು ಮಾಮಾನ ಬೈಕಿನ ಮೇಲೆ. ಟ್ಯಾಕ್ಸಿಯಲ್ಲಿ ಕೂತರೆ ಮಾಮಿಗೆ ಎರಡನೇ ತಿರುವಿಗೇ ವಾಂತಿ. ಇಲ್ಲಿಯ ಶೇರ್ ಆಟೋದಲ್ಲಿ ಹಿಂದೆ ಮೂವರ ನಡುವೆ ಅಡಕವಾಗಿ ಕೂಡಲು ಅವಳಿಗೆ ಶಕ್ತಿಯಿಲ್ಲ. ಗಾಳಿಗೆ ಮುಖ ಕೊಟ್ಟು, ಮಾಮಾನ ಅಂಗಿ ಹಿಡಿದು ಕೂತರೆ ಮಾತ್ರ ಹಿತ. ಬೈಕೂ ಸಾಕಷ್ಟು ಹಳೆಯದು. ಕಾಲಿನಿಂದ ಒದೆಯುವ ಕಿಕ್ ಅದರಲ್ಲಿಲ್ಲ. ಮಾಮಾನ ಮೊಣಕಾಲು ಆಗಲೇ ಹೋಗಿದ್ದರಿಂದ ಗುಂಡಿ ಒತ್ತಿದರೆ ಹೊರಡುವ ಗಾಡಿಯನ್ನೇ ಕೊಂಡಿದ್ದ. ಕೊಂಡ ದಿನವೇ ಹೂವಿನ ಹಾರ ಹಾಕುತ್ತ "ಈ ಗುಂಡಿ ಒಂದಿಲ್ಲ ಒಂದಿನ ಕೈ ಕೊಡತದ" ಎಂದಿದ್ದನಂತೆ.

ಕೊಟ್ಟಿತು! ಅವತ್ತು ನಾನು ಅಲ್ಲೇ ಇದ್ದೆ. ಮಾಮಿ ಆಸ್ಪತ್ರೆಯ ಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಮಾಮಾ ಗುಂಡಿ ಒತ್ತಿದ. ಸೀಟಿನ ಕೆಳಗೆಲ್ಲೋ "ಟಕ್" ಎಂದಿತು. ಅಷ್ಟೇ. ಮತ್ತೆ ಒತ್ತಿದ. ಟಕ್.

"ಎಂಜಿನ್ ಹೋತು," ಎಂದು ಮಾಮಾ ಘೋಷಿಸಿದ. "ಇದರ ಕತಿ ಮುಗೀತು ಅಂತ ತಿಳಕೋ."

ಈ ಊರಿನಲ್ಲಿ ಕೆಟ್ಟು ನಿಂತ ಗಾಡಿಗೆ ಸಲಹೆಗಾರರ ಬರವೇ? ಎದುರು ಮನೆಯ ದಾದಾ ಲುಂಗಿಯಲ್ಲೇ ಬಂದು, "ಬ್ಯಾಟರಿ ಗ್ಯಾಛೇ!" ಎಂದು ಬ್ಯಾಟರಿಯ ಮರಣ ಸಾರಿದ. ಮೀನಿನ ಚೀಲ ಹಿಡಿದು ಹೊರಟಿದ್ದವರೊಬ್ಬರು ಪ್ಲಗ್ ಎಂದರು. ಪೇಪರಿನವನು ಪೆಟ್ರೋಲ್ ಇದೆಯೇ ಎಂದು ಕೇಳಿ ಎಲ್ಲರಿಂದ ಬೈಸಿಕೊಂಡ. ಅಂದು ಮಾಮಿಯನ್ನು ಟ್ಯಾಕ್ಸಿಯಲ್ಲಿ ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಪ್ಲಾಸ್ಟಿಕ್ ಚೀಲದಲ್ಲಿ ಮುಖವಿಟ್ಟಿದ್ದಳು.

ಮರುದಿನ ಮಾಮಾ ಮೀಟರು, ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲ ಹರವಿಕೊಂಡು ಕೂತ. ಟಾರ್ಚ್ ಹಿಡಿಯುವ ಕೆಲಸ ನನ್ನದು. ಮೊದಲು ಬ್ಯಾಟರಿಗೆ ಮೀಟರು ಹಚ್ಚಿದ.

"ಬ್ಯಾಟರಿ ಚಲೋ ಅದ."

"ಚಲೋ ಆತಲ್ಲ ಮಾಮಾ!"

"ಏನ್ ಚಲೋ ಆತು? ಬ್ಯಾಟರಿ ಕೆಟ್ಟಿದ್ರ ಸಣ್ಣ ರೋಗ. ಅದು ಚಲೋ ಅದ ಅಂದ್ರ ರೋಗ ಒಳಗ ಅದ."

ಆಮೇಲೆ ಸೀಟು ತೆಗೆದು ಆ ಟಕ್ ಎನ್ನುವ ಡಬ್ಬಿಯನ್ನು ಹುಡುಕಿದ. ಅದು ರಿಲೇ. ಗುಂಡಿಯ ಅಪ್ಪಣೆ ಅದಕ್ಕೆ ತಲುಪಿದರೆ ಅದು ಬ್ಯಾಟರಿಯ ಕರೆಂಟನ್ನು ಸ್ಟಾರ್ಟರ್ ಮೋಟಾರಿಗೆ ಬಿಡುತ್ತದಂತೆ. "ಟಕ್ ಅಂತದ, ಅಂದ್ರ ಗುಂಡಿ ಚಲೋ ಅದ," ಎಂದು ಇನ್ನಷ್ಟು ಕುಗ್ಗಿದ. ಸುದ್ದಿ ಒಳ್ಳೆಯದಾದಷ್ಟೂ ಇವನ ಮುಖ ಇಳಿಯುತ್ತಿತ್ತು! ಕೊನೆಗೆ ರಿಲೇಯ ಎರಡು ದಪ್ಪ ತುದಿಗಳಿಗೆ ಸ್ಕ್ರೂಡ್ರೈವರನ್ನು ಅಡ್ಡಲಾಗಿ ಮುಟ್ಟಿಸಿದ. ಛಟ್ ಎಂದು ಕಿಡಿ ಹಾರಿತು. ನಾನು ಕಿರುಚಿ ಟಾರ್ಚ್ ಬಿಟ್ಟೆ. ಬೈಕು ಮಾತ್ರ ಮಿಸುಕಲಿಲ್ಲ.

"ಸ್ಟಾರ್ಟರ್ ಸತ್ತದ," ಎಂದ ಮಾಮಾ, ಸಮಾಧಾನದಿಂದ.

ಸತ್ತದ್ದನ್ನು ಖಾತ್ರಿ ಮಾಡಿಕೊಳ್ಳಲು ಎಂಬಂತೆ ಸ್ಪ್ಯಾನರಿನ ಹಿಡಿಯಿಂದ ಸ್ಟಾರ್ಟರಿನ ಮೈಮೇಲೆ ಎರಡು ಏಟು ಹಾಕಿ ಗುಂಡಿ ಒತ್ತಿದ. ಗರ್ರ್! ಎಂಜಿನ್ ಎದ್ದಿತು! ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ದಾದಾ ಚಪ್ಪಾಳೆ ತಟ್ಟಿದ. ಮಾಮಾನ ಮುಖ ನೋಡಬೇಕಿತ್ತು, ತೀರಿಹೋದವರು ಎದ್ದು ಕೂತು ಚಹಾ ಕೇಳಿದ್ದನ್ನು ಕಂಡವನ ಹಾಗೆ.

"ಒಳಗ ಕಾರ್ಬನ್ ಬ್ರಶ್ ಸವದಾವ," ಎಂದು ನನಗೆ ತಿಳಿಸಿ ಹೇಳಿದ. "ಪೆಟ್ಟು ಬಿದ್ರ ಒಂದೀಟ ತಾಗತಾವ, ಮೋಟಾರ್ ತಿರಗತದ. ಇದಕ್ಕ ಬದುಕೂದು ಅನ್ನೂದಿಲ್ಲ. ಹಂಗೂ ಹಿಂಗೂ ದಿನಾ ನೂಕೂದು."

"ನನ್ನ ಹಂಗ ಅನ್ರಿ!" ಎಂದು ಬಾಗಿಲಲ್ಲಿ ನಿಂತಿದ್ದ ಮಾಮಿ ನಕ್ಕಳು.

ಮಾಮಾನ ಕೈಯಿಂದ ಸ್ಪ್ಯಾನರು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

ಅಂದಿನಿಂದ ಏಟಿನ ಚಿಕಿತ್ಸೆ ಶುರುವಾಯಿತು. ಮಾಮಿಯ ಚೀಲದಲ್ಲಿ ಆಸ್ಪತ್ರೆಯ ಫೈಲು, ನೀರಿನ ಬಾಟಲಿ, ಒಂದು ಸ್ಪ್ಯಾನರು. ಮಾಮಾ ಗುಂಡಿ ಒತ್ತುವುದು, ಮಾಮಿ ಬಗ್ಗಿ ಬಾರಿಸುವುದು. ಹೊಸ ಸ್ಟಾರ್ಟರ್ ಹಾಕಿಸು ಎಂದು ನಾನು ಗಂಟುಬಿದ್ದೆ. ಕೇಳುತ್ತಾನೆಯೇ? "ಇದನ್ನ ಹಾಕಿಸಿದ್ರ ಮುಂದ ಚೈನ್ ಹೋಗತದ, ಅದರ ಮುಂದ ಗೇರ್. ಹಳೇ ಗಾಡಿ, ಹಳೇ ಮನಷ್ಯಾ. ನಡಿಯೂ ಅಷ್ಟು ದಿನಾ ನಡೀಲಿ ಬಿಡು."

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ಮಾಮಿ ಹೇಳಿದ್ದು. ಒಂದು ಸಂಜೆ ಡಯಾಲಿಸಿಸ್ ಮುಗಿಸಿ ಹೊರಬಂದರೆ ಮಳೆ ಬಂದು ಹೋಗಿ ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಬೈಕಿಗೆ ಎಷ್ಟು ಬಾರಿಸಿದರೂ ಟಕ್ ಬಿಟ್ಟು ಬೇರೆ ಮಾತಿಲ್ಲ. ಡಯಾಲಿಸಿಸ್ ಆದ ದಿನ ಮಾಮಿಗೆ ನಿಂತರೂ ತಲೆಸುತ್ತು. ಅವಳನ್ನು ಆಸ್ಪತ್ರೆಯ ಗೋಡೆಗೆ ಆನಿಸಿ ಕೂಡಿಸಿ, ಮಾಮಾ ಒಬ್ಬನೇ ತಳ್ಳಿಕೊಂಡು ಓಡಿ, ಗೇರು ಹಾಕಿ, ಹತ್ತಲು ನೋಡಿದ. ಮೊಣಕಾಲು ಏಳಲಿಲ್ಲ. ಇನ್ನೊಮ್ಮೆ ನೋಡಿದ. ಮೂರನೆಯ ಸಲ ಗಾಡಿ ಯಾಕೋ ಹಗುರವಾಯಿತು. ಯಾರೋ ಪುಣ್ಯಾತ್ಮರು ಕೈಹಾಕಿದರು ಎಂದುಕೊಂಡು ತಿರುಗಿದರೆ, ಸೂಜಿ ಚುಚ್ಚಿ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಮಾಮಿ ತಳ್ಳುತ್ತಿದ್ದಳು.

"ಹೆಂಗ ಒದರಿದರಂತೀ! ನಡು ರಸ್ತೇದಾಗ!" ಎಂದು ಮಾಮಿ ನನಗೆ ಹೇಳುತ್ತ ನಕ್ಕಳು. "ಮದುವ್ಯಾದಾಗಿಂದ ಒಮ್ಮೆ ಸುದ್ದಾ ನನ್ನ ಮ್ಯಾಲೆ ದನಿ ಏರಿಸಿದವರಲ್ಲ. ಅಲ್ಲಿ ಟ್ರಾಫಿಕ್ ಪೊಲೀಸ್ ಓಡಿ ಬಂದ, ನನ್ನ ಹೊಡಿಲಿಕ್ಕತ್ತಾರ ಅಂತ ತಿಳದು."

ಆಮೇಲೆ ಆ ಪೊಲೀಸನೇ ತಳ್ಳಿ ಬೈಕು ಹೊರಡಿಸಿದನಂತೆ. ಮಾಮಿ ಇದನ್ನೆಲ್ಲ ಹೇಳುವಾಗ ಮಾಮಾ ನಮಗೆ ಬೆನ್ನು ಹಾಕಿ, ಖಾಲಿ ರಸ್ತೆಯನ್ನು ಕಿಟಕಿಯಿಂದ ನೋಡುತ್ತಿದ್ದ. ತಿರುಗದೆಯೇ "ನಾಳಿಗೆ ರಜಾ ಹಾಕು, ಮಲ್ಲಿಕ್ ಬಜಾರಿಗೆ ಹೋಗೂದದ," ಎಂದ.

ಹೋದೆವು. ಗಾಡಿಗಳ ಕೈಕಾಲು ಬಿಡಿಬಿಡಿಯಾಗಿ ತೂಗುಹಾಕಿದ ಸಾಲು ಸಾಲು ಅಂಗಡಿಗಳ ನಡುವೆ ನಡೆಯುವಾಗ ಮಾಮಾ ಮೆಲ್ಲಗೆ "ಕಡೀಕ ಎಲ್ಲಾರೂ ಇಲ್ಲೇ ಬರೂದು," ಎಂದಾಗ ನನಗೆ ಸ್ವಲ್ಪ ಧೈರ್ಯ ಬಂತು. ಮನುಷ್ಯ ಸರಿಯಾಗಿಯೇ ಇದ್ದಾನೆ!

ಅಂಗಡಿಯವನು ನಾವು ಬಿಚ್ಚಿ ತಂದಿದ್ದ ಹಳೆಯ ಸ್ಟಾರ್ಟರನ್ನು ತಿರುವಿ ನೋಡಿದ. ಒಳಗಿನ ತಾಮ್ರವೂ ಕರಕಲಾಗಿದೆ, ಬರೀ ಬ್ರಶ್ ಬದಲಿಸಿದರೆ ಆಗುವುದಿಲ್ಲ ಎಂದ. ಗುಜರಿಗೆ ಬಂದ ಇನ್ನೊಂದು ಬೈಕಿನಿಂದ ತೆಗೆದದ್ದನ್ನು ಮುಂದಿಟ್ಟ.

"ಇದು ತಗೊಳ್ಳಿ ದಾದಾ. ಒಂದೆರಡು ವರ್ಷ ಆರಾಮಾಗಿ ಓಡುತ್ತೆ. ಇಷ್ಟು ಹಳೇ ಗಾಡಿಗೆ ಹೊಸದು ಯಾಕೆ ದಂಡ?" ಎಂದು ಹಿಂದಿಯಲ್ಲಿ ಹೇಳಿದ.

ಮಾಮಾ ಏನನ್ನುತ್ತಾನೆಂದು ನನಗೆ ಬಾಯಿಪಾಠ. ಎರಡು ವರ್ಷ ಯಾರು ಇರ್ತಾರೋ ಯಾರು ಹೋಗ್ತಾರೋ! ನಾನು ಆಗಲೇ ಚೀಲದ ಬಾಯಿ ಬಿಡಿಸಿದ್ದೆ.

"ಹೊಸದು ಎಷ್ಟು ವರ್ಷ ಬರ್ತದೆ?" ಎಂದು ಮಾಮಾ ಕೇಳಿದ.

"ಹೊಸದಾ? ಹತ್ತು ವರ್ಷ ಈ ಕಡೆ ತಿರುಗಿ ನೋಡೋದು ಬೇಡ."

"ಅದನ್ನೇ ಕೊಡು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾಮಾ ಹೊಸ ಸ್ಟಾರ್ಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದ. ಒಂದೇ ಒಂದು ಕೆಟ್ಟ ಮಾತು ಆಡಲಿಲ್ಲ. ಬ್ರೇಕ್ ಹಾಕಿದಾಗ ಡ್ರೈವರನ ಬಗ್ಗೆಯೂ ಆಡಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಮರುದಿನ ಬೆಳಿಗ್ಗೆ ಬೋಲ್ಟು ಬಿಗಿದು, ದಪ್ಪ ತಂತಿ ಜೋಡಿಸಿ, ಕೈ ಒರೆಸಿಕೊಂಡು ಗುಂಡಿ ಮುಟ್ಟಿದ. ಮುಟ್ಟಿದ್ದೇ ತಡ, ಎಂಜಿನ್ ಎದ್ದಿತು. ಡಯಾಲಿಸಿಸ್ಸಿನ ದಿನ. ಮಾಮಿ ಸೀರೆ ಒತ್ತಿಕೊಂಡು, ನನ್ನ ಭುಜ ಹಿಡಿದು ನಿಧಾನವಾಗಿ ಹಿಂದೆ ಹತ್ತಿ ಕೂತಳು. ಆ ವಾರ ಅವಳ ಕಾಲು ಬಾತು ಚಪ್ಪಲಿಯೂ ಹಿಡಿಯುತ್ತಿರಲಿಲ್ಲ. ಉಸಿರು ತಿರುಗಿದ ಮೇಲೆ ಮಾಮಾನ ಬೆನ್ನು ತಟ್ಟಿ ಕೇಳಿದಳು:

"ಅಲ್ರೀ, ಎಷ್ಟು ದಿನಾ ಬರತದಂತ ಇದು?"

ಮಾಮಾ ಕನ್ನಡಿ ಸರಿಮಾಡಿಕೊಳ್ಳುತ್ತ ಹೇಳಿದ:

"ಹತ್ತು ವರ್ಷ."

"ಅಯ್ಯ ನಮ್ಮಪ್ಪಾ! ಹತ್ತು ವರ್ಷ ನಾ ಏನ್ ಮಾಡೂದು?"

"ಹಿಂದ ಕೂಡೂದು," ಎಂದು ಮಾಮಾ ಗೇರು ಹಾಕಿದ.