ಎಂಟು ಚೌಕಟ್ಟು, ಒಂದು ಕೂಲರು

ನಮ್ಮ ಕಡೆಯ ಜನಕ್ಕೆ ಸರಿಯಾದ ಅಳತೆ ಎಂದರೆ ಯಾಕಿಷ್ಟು ಅಲರ್ಜಿ ಎಂಬುದು ತಲೆ ನರೆತರೂ ನನಗೆ ಬಗೆಹರಿದಿಲ್ಲ. ಏನೇ ಕೊಳ್ಳಲಿ, ಏನೇ ಹೊಲಿಸಲಿ, ಒಂದು ಸೈಜು ದೊಡ್ಡದೇ ಇರಬೇಕು. ನಾನು ಐದನೇ ತರಗತಿಗೆ ಹೊಲಿಸಿದ ಖಾಕಿ ಚಡ್ಡಿಯನ್ನು ಎಂಟನೇ ತರಗತಿಯವರೆಗೆ ತೊಟ್ಟವನು. ಐದರಲ್ಲಿ ಅದು ಮೊಣಕಾಲು ಮುಚ್ಚುತ್ತಿತ್ತು, ಎಂಟರಲ್ಲಿ ಮಾನ ಮುಚ್ಚಲು ಹೆಣಗಾಡುತ್ತಿತ್ತು. ನಡುವೆ ಎಂದೋ ಒಂದು ದಿನ ಅದು ನನಗೆ ಸರಿಯಾಗಿ ಹೊಂದಿರಲೇಬೇಕು; ಆ ದಿನ ಭಾನುವಾರವಾಗಿದ್ದಂತೆ ಕಾಣುತ್ತದೆ. "ಬೆಳಿಯೋ ಹುಡುಗ, ಸಡ್ಲಾನ ಇರ್ಲಿ ಬಿಡಪ್ಪಾ" ಎಂದು ಅವ್ವ ದರ್ಜಿಗೆ ಹೇಳುತ್ತಿದ್ದಳು. ಹೋಗಲಿ, ಅದನ್ನು ಕ್ಷಮಿಸೋಣ. ಹುಡುಗರು ಬೆಳೆಯುತ್ತಾರೆ. ಆದರೆ ಜೇನುಹುಳ ಬೆಳೆಯುತ್ತದೆಯೇ? ನೀವೇ ಹೇಳಿ.

ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ಮನೆ ರಾಯಚೂರಿನಲ್ಲಿ, ಅರ್ಧ ಆಯುಷ್ಯ ಬಸ್ಸಿನಲ್ಲಿ. ರಾಯಚೂರಿನ ಬೇಸಿಗೆಯನ್ನು ಉಂಡವರಿಗೆ ಮಾತ್ರ ಕೂಲರಿನ ಮಹತ್ವ ಗೊತ್ತು. ನಮ್ಮಲ್ಲಿ ಅದು ಸಾಮಾನಲ್ಲ, ಮನೆಯ ಸದಸ್ಯ. ಚಳಿಗಾಲವಿಡೀ ಮಾಳಿಗೆಯ ಮೇಲೆ ತಗಡಿನ ಕೆಳಗೆ ಮಲಗಿರುತ್ತದೆ. ಶಿವರಾತ್ರಿ ಮುಗಿದ ಮೇಲೆ ಇಳಿಸಿ, ತೊಳೆದು, ಹೊಸ ಹುಲ್ಲು ತುಂಬಿ ಕಿಟಕಿಗೆ ಕೂರಿಸುತ್ತೇವೆ. ಈ ವರ್ಷ ಇಳಿಸಲು ಕೈ ಹಚ್ಚಿದರೆ ಕೂಲರು ಗುಂಯ್ ಎಂದಿತು. ಇನ್ನೂ ವೈರು ಚುಚ್ಚಿಲ್ಲ, ಗುಂಯ್ ಎನ್ನುವುದೆಂದರೇನು? ಬಗ್ಗಿ ನೋಡಿದೆ. ಒಳಗೆ ತುಡುವೆ ಜೇನು ಯಾರನ್ನೂ ಕೇಳದೆ ಸಂಸಾರ ಹೂಡಿಬಿಟ್ಟಿತ್ತು. ಮೇಣದ ಎರಿಗಳು ಸಾಲಾಗಿ ಇಳಿಬಿದ್ದಿದ್ದವು.

"ಹೊಗಿ ಹಾಕಿ ಓಡಿಸ್ರಿ. ಯುಗಾದಿಯೊಳಗ ಕೂಲರ್ ಕಿಟಕ್ಯಾಗ ಇರ್ಬೇಕು" ಎಂದಳು ನನ್ನ ಹೆಂಡತಿ ಮಹಾದೇವಿ. ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದ ಅವ್ವ ತಲೆಯನ್ನೂ ಎತ್ತದೆ, "ಒಂದ್ ಹುಳ ಸತ್ರೂ ನಾ ದೇವದುರ್ಗಕ್ಕ ಮಗಳ ಮನಿಗೆ ಹೋಗಿ ಕುಂದ್ರತೀನಿ ನೋಡಪಾ" ಎಂದಳು. ಇಬ್ಬರೂ ಹೇಳಿದ್ದನ್ನು ಮಾಡಿ ತೋರಿಸುವ ಪೈಕಿ. ಅಂದರೆ ಕೂಲರೂ ಬರಬೇಕು, ಹುಳವೂ ಬದುಕಬೇಕು. ಇಲ್ಲದಿದ್ದರೆ ಒಂದೋ ಹೆಂಡತಿ ಮಾತು ಬಿಡುತ್ತಾಳೆ, ಇಲ್ಲವೇ ಅವ್ವ ಮನೆ ಬಿಡುತ್ತಾಳೆ. ತಪ್ಪು ಮಾಡಿದ್ದು ಜೇನು, ಶಿಕ್ಷೆ ನನಗೆ!

ಶಕ್ತಿನಗರದ ಥರ್ಮಲ್‌ನಲ್ಲಿ ಕೆಲಸ ಮಾಡುವ ಗೆಳೆಯ ಪ್ರಭಾಕರ ತನ್ನ ಕ್ವಾರ್ಟರ್ಸಿನ ಹಿತ್ತಲಲ್ಲಿ ಜೇನು ಸಾಕುತ್ತಾನೆ. ಅವನಿಗೆ ಫೋನು ಮಾಡಿದೆ. "ಒಂದು ಪೆಟಗಿ ಮಾಡ್ಸು, ನಾ ಬಂದು ಅವನ್ನ ಅದರಾಗ ಇಳಸ್ತೀನಿ. ಆದ್ರ ತುಡುವಿಗೆ ಎಂಟು ಚೌಕಟ್ಟಿನ ಪೆಟಗೀನ ಬೇಕು ನೋಡು. ಹತ್ತರದು ದೊಡ್ಡ ಜಾತಿ ಹುಳಕ್ಕ. ಖಾಲಿ ಜಾಗಾ ಜಾಸ್ತಿ ಆದ್ರ ಇವಕ್ಕ ಕಾಯಾಕ ಆಗಂಗಿಲ್ಲ, ಮೇಣ ತಿನ್ನೋ ಹುಳ ಹೊಕ್ಕು ಎಲ್ಲಾ ಹಾಳ ಮಾಡ್ತಾವ" ಎಂದ. ಎರಿ ಕಟ್ಟಲು ಒಳಗೆ ತೂಗುಬಿಡುವ ಮರದ ಚೌಕಟ್ಟುಗಳಿಗೂ ಗೋಡೆಗೂ ನಡುವೆ ಸರಿಯಾಗಿ ಮೂರು ಸೂತು ಸಂದಿ ಇರಬೇಕಂತೆ. ಸೂತು ಎಂದರೆ ಬಡಿಗರ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಭಾಗ. ಸಂದಿ ಹೆಚ್ಚಾದರೆ ಜೇನು ಅಲ್ಲೂ ಎರಿ ಕಟ್ಟುತ್ತದೆ, ಕಡಿಮೆಯಾದರೆ ಅಂಟು ಮೆತ್ತಿ ಮುಚ್ಚಿಬಿಡುತ್ತದೆ. ಕೇಳುತ್ತಾ ನನಗೆ ಕಣ್ಣು ತುಂಬಿ ಬಂತು. ಇಷ್ಟು ಕಟ್ಟುನಿಟ್ಟಿನ ಜೀವಿ ನಮ್ಮ ಜಿಲ್ಲೆಯಲ್ಲಿ ಅದು ಹೇಗೆ ಹುಟ್ಟಿತು!

ಈ ಮಾತನ್ನೆಲ್ಲ ನಾನು ಮಾನ್ವಿ ಬಸ್ಸಿನಲ್ಲಿ ಕೂತು ಆಡಬಾರದಿತ್ತು. ಫೋನು ಇಟ್ಟೊಡನೆ ಪಕ್ಕದ ಭತ್ತದ ವ್ಯಾಪಾರಿ ನನ್ನತ್ತ ತಿರುಗಿದ. "ಹತ್ತರದು ತಗೋರಿ ಮಾಸ್ತರ. ಹತ್ತರಾಗ ಎಂಟು ಹಿಡಿತಾವ, ಎಂಟರಾಗ ಹತ್ತು ಹಿಡಿತಾವೇನ್ರಿ?" ನಾನು ಗಣಿತ ಕಲಿಸುವವನು, ಆ ಲೆಕ್ಕ ಸರಿಯೆಂದು ಒಪ್ಪಲೇಬೇಕಾಯಿತು. ಹುಳದ ಸ್ವಭಾವ, ಖಾಲಿ ಜಾಗದ ಅಪಾಯ ಎಲ್ಲ ವಿವರಿಸಿದೆ. ಅವನು ತಲೆದೂಗುತ್ತಾ ಪೂರಾ ಕೇಳಿ, "ಖರೇ ಅದ್ರಿ. ಆದ್ರ ಮುಂದ ಬೆಳಿತಾವಲ್ರಿ?" ಎಂದ. ಅಷ್ಟರಲ್ಲಿ ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಮನಿ ಅಂದಮ್ಯಾಲ ಬೀಗರು ಬರ್ತಾರ, ಹೋಗ್ತಾರ. ಜರಾ ಜಾಗಾ ಬೇಕಲ್ರಿ" ಎಂದ. ಜೇನಿಗೆ ಬೀಗರು! ಮಾನ್ವಿ ಬರುವಷ್ಟರಲ್ಲಿ ಇಡೀ ಬಸ್ಸು ಹತ್ತರ ಪರವಾಗಿತ್ತು. ಎಂಟರ ಪರ ಉಳಿದವನು ನಾನೊಬ್ಬನೇ.

ದೇವದುರ್ಗದಲ್ಲಿ ನಮ್ಮ ಅಕ್ಕನ ಮನೆಯ ಪಕ್ಕದಲ್ಲೊಬ್ಬ ಬಡಿಗ. ಹೆಸರು ಮೌನೇಶ, ಆ ಹೆಸರಿಗೂ ಅವನ ಬಾಯಿಗೂ ಯಾವ ಸಂಬಂಧವೂ ಇಲ್ಲ. ಭಾನುವಾರ ಹೋಗಿ ಟೇಪು ಹಿಡಿದು ಎಲ್ಲ ಅಳತೆ ಹೇಳಿದೆ. ಕೊನೆಗೆ ಒಂದು ಮಾತು ಹೇಳುವುದಿತ್ತು. ಜೇನು ಸಾಕುವವರು ಪೆಟ್ಟಿಗೆಯ ಮೇಲೆ ಇನ್ನೊಂದು ಗಿಡ್ಡ ಪೆಟ್ಟಿಗೆ ಇಡುತ್ತಾರೆ, ನಮ್ಮ ಪಾಲಿನ ತುಪ್ಪ ಅದರಲ್ಲಿ ತುಂಬುತ್ತದೆ. ಅದಕ್ಕೆ ಅವರು ಸೂಪರ್ ಎನ್ನುತ್ತಾರೆ. ನಾನೂ ಹೊಸದಾಗಿ ಕಲಿತ ಗತ್ತಿನಲ್ಲಿ ಹಾಗೇ ಹೇಳಿದೆ.

"ಮೌನೇಶ, ಸೂಪರ್ ಮಾಡೋದು ಮರೀಬ್ಯಾಡ."

"ಅದನ್ನ ಹೇಳ್ಬೇಕೇನ್ರಿ ಸರ? ಸೂಪರ್ ಮಾಡ್ತೀನಿ."

"ಒಂದ ಸೂಪರ್ ಸಾಕು."

"ಒಂದ್ಯಾಕ್ರಿ, ನಿಮಗ ಡಬಲ್ ಸೂಪರ್ ಮಾಡಿ ಕೊಡ್ತೀನಿ."

"ಡಬಲ್ ಬ್ಯಾಡಪ್ಪಾ, ಸಿಂಗಲ್ ಸಾಕು ನನಗ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇಷ್ಟು ಕಡಿಮೆ ಆಸೆಯ ಗಿರಾಕಿಯನ್ನು ಅವನು ಕಂಡಿರಲಿಲ್ಲವೆಂದು ತೋರುತ್ತದೆ.

ಮುಂದಿನ ಭಾನುವಾರ ಹೋದರೆ, ಅಂಗಡಿಯ ಮುಂದೆ ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು. ಎರಡು ಕೋಟು ಪಾಲಿಶು. ಎರಡೂ ಬದಿಗೆ ಹಿತ್ತಾಳೆ ಹಿಡಿಕೆ. ಮುಂಭಾಗದಲ್ಲಿ ಗರಿ ಬಿಚ್ಚಿದ ನವಿಲು. ಮುಚ್ಚಳ ತೆಗೆದು ಎಣಿಸಿದೆ: ಹತ್ತು ಚೌಕಟ್ಟು! ಮೇಲಿನ ಗಿಡ್ಡ ಪೆಟ್ಟಿಗೆಯ ಸುಳಿವೇ ಇಲ್ಲ.

"ಸೂಪರ್ ಎಲ್ಲೈತೋ?" ಎಂದು ಕೂಗಿದೆ.

"ಇದಕ್ಕಿಂತ ಸೂಪರ್ ಇನ್ನ ಹ್ಯಾಂಗ್ ಮಾಡ್ಲಿ ಸರ?" ಎಂದು ಅವನು ನವಿಲಿನ ಮೇಲೆ ಕೈಯಾಡಿಸಿದ.

"ಎಂಟು ಅಂತ ಬಡಕೊಂಡಿದ್ನಲ್ಲ?"

"ಎಂಟರದ ಹಿಡಿದಿದ್ದೆ. ಮನಸ್ಸು ಒಪ್ಪಲಿಲ್ರಿ. ಹುಳ ನಾಳಿ ಬೆಳಿತಾವಲ್ರಿ?"

ನನ್ನ ಪಿತ್ತ ನೆತ್ತಿಗೇರಿತು. ಚಡ್ಡಿ, ಬಸ್ಸು, ವ್ಯಾಪಾರಿ, ಬೀಗರು ಎಲ್ಲ ಒಟ್ಟಿಗೆ ನೆನಪಾದವು. ನಡುಬೀದಿಯಲ್ಲಿ ನಿಂತು, "ಜೇನುಹುಳ ಗೂಡಿನಿಂದ ಹೊರಗ ಬಂದಾಗ ಎಷ್ಟ ಇರ್ತದೋ, ಸಾಯೋತನಕ ಅಷ್ಟ ಇರ್ತದೋ! ಒಂದ್ ಕೂದಲಷ್ಟೂ ಬೆಳೆಯಂಗಿಲ್ಲ!" ಎಂದು ಅರಚಿದೆ. ಮೌನೇಶ ಗರಗಸ ಕೆಳಗಿಟ್ಟು, ನಿಜವಾಗಿಯೂ ನೊಂದುಕೊಂಡು, "ಪಾಪ" ಎಂದ.

ಪೆಟ್ಟಿಗೆಯನ್ನು ಕೊಯ್ದು ಎಂಟಕ್ಕೆ ಇಳಿಸಿ, ಮೇಲಿನದನ್ನೂ ಮಾಡಿಸಿದ್ದಾಯಿತು. ನವಿಲನ್ನು ಮಾತ್ರ ಅವನು ಬಿಡಲಿಲ್ಲ, ಹಿಡಿಕೆಯನ್ನೂ ಬಿಡಲಿಲ್ಲ. ಮಾನ್ವಿಯಲ್ಲಿ ಕೆಲಸವಿದ್ದುದರಿಂದ ಆ ದಾರಿಯಲ್ಲೇ ಅದನ್ನು ತೊಡೆಯ ಮೇಲಿಟ್ಟುಕೊಂಡು ರಾಯಚೂರಿಗೆ ಹೊರಟೆ. ನೀರಮಾನ್ವಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಪೆಟ್ಟಿಗೆ ಕಂಡದ್ದೇ ಕೈಮುಗಿದು, ತನ್ನ ಸಂಚಿಯಿಂದ ಭಂಡಾರ ತೆಗೆದು ನವಿಲಿಗೆ ಹಚ್ಚಿದಳು. "ಎಲ್ಲಮ್ಮನ ಪೆಟಗಿ ಏನಪ್ಪಾ?" "ಅಲ್ಲ ಯವ್ವಾ, ಜೇನಿಂದು." ಅವಳು ಇನ್ನೊಮ್ಮೆ ಪೆಟ್ಟಿಗೆ ನೋಡಿ, "ಸಣ್ಣದಾತಲ್ಲಪ್ಪಾ" ಎಂದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಆದರೆ ಗೆದ್ದವನು ನಾನೇ. ಪ್ರಭಾಕರ ಒಂದು ಸಂಜೆ ಬಂದು ಕೂಲರಿನ ಎರಿಗಳನ್ನು ಹಗುರವಾಗಿ ಕೊಯ್ದು, ಬಾಳೆ ನಾರಿನಿಂದ ಚೌಕಟ್ಟಿಗೆ ಕಟ್ಟಿ, ರಾಣಿಯನ್ನು ಒಳಗೆ ಬಿಟ್ಟ. ಉಳಿದವು ಹಿಂದೆಯೇ ನಡೆದವು. ಅಳತೆ ಎಷ್ಟು ಸರಿ ಎಂದರೆ ಎಲ್ಲೂ ಅಂಟು ಮೆತ್ತಲಿಲ್ಲ, ಎಲ್ಲೂ ಅಡ್ಡಾದಿಡ್ಡಿ ಕಟ್ಟಲಿಲ್ಲ. ಅವ್ವ ದೇವದುರ್ಗಕ್ಕೆ ಹೋಗಲಿಲ್ಲ. ಯುಗಾದಿಯೊಳಗೆ ಕೂಲರು ಕಿಟಕಿಗೆ ಬಂತು, ಮಹಾದೇವಿ ಅದರ ಮುಂದೆ ಕೂತು ಹೋಳಿಗೆಗೆ ಹೂರಣ ರುಬ್ಬಿದಳು. ಎಂಟರ ಮಹಿಮೆಯನ್ನು ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ.

ಆಮೇಲೆ ಬಿಸಿಲು ಏರಿತು. ನಮ್ಮೂರ ಸೂರ್ಯನಿಗೂ ಅಳತೆ ಗೊತ್ತಿಲ್ಲ. ಮಾಳಿಗೆಯ ಮೇಲೆ ತಗಡಿನ ನೆರಳಿದ್ದರೂ ಜೇನೆಲ್ಲ ಪೆಟ್ಟಿಗೆಯಿಂದ ಹೊರಗೆ ಬಂದು, ನವಿಲು ಕಾಣದಂತೆ ಗೊಂಚಲುಗಟ್ಟಿ ರೆಕ್ಕೆ ಬೀಸತೊಡಗಿದವು. "ತಂಪ್ ಮಾಡು ಮಾರಾಯ, ಇಲ್ಲಂದ್ರ ಎರಿ ಕರಗಿ ಕಳಚಿ ಬೀಳ್ತಾವ, ಎಲ್ಲಾ ಸಾಯ್ತಾವ" ಎಂದ ಪ್ರಭಾಕರ. ಗೋಣಿಚೀಲ ತೋಯಿಸಿ ಹೊದಿಸಿದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಹಪ್ಪಳದಂತೆ ಒಣಗಿತ್ತು. ಅವ್ವ ತನ್ನ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಎಷ್ಟು ಅನ್ಯಾಯ ನೋಡಿ! ಸೂತು ಸೂತು ಲೆಕ್ಕ ಹಾಕಿ, ಊರನ್ನೆಲ್ಲ ಎದುರು ಹಾಕಿಕೊಂಡು ಮಾಡಿಸಿದ ಮನೆ ಕಣ್ಣ ಮುಂದೆ ಕರಗುತ್ತದೆ ಎಂದರೆ! ಮಹಾದೇವಿ ತರಕಾರಿಗೆ ಹೋದ ಸಮಯ ನೋಡಿ ಕೂಲರನ್ನು ಕಿಟಕಿಯಿಂದ ಕಿತ್ತು ಮಾಳಿಗೆಗೆ ಹೊತ್ತೆ. ಗಾಳಿ ನೇರ ಹೊಡೆಯದಂತೆ ಗೋಡೆಗೆ ಮುಖ ಮಾಡಿಸಿ ಚಾಲೂ ಮಾಡಿದೆ. ಸ್ವಲ್ಪ ಹೊತ್ತಿಗೆ ಜೇನು ಒಂದೊಂದಾಗಿ ಒಳಗೆ ಹೋದವು.

ಮಹಾದೇವಿ ಚೀಲ ಹಿಡಿದುಕೊಂಡೇ ಮೇಲೆ ಬಂದಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ಪೆಟ್ಟಿಗೆ ನೋಡಿದಳು, ಕೂಲರು ನೋಡಿದಳು, ನನ್ನನ್ನು ನೋಡಿದಳು.

"ಅವು ಕೂಲರ್‌ನ್ಯಾಗ ಇದ್ದಾಗ ಅದು ಬಂದ್ ಆದ್ರೂ ಇತ್ತು. ಈಗ ನೀವ ಚಾಲೂ ಮಾಡಿ ಕೊಟ್ಟೀರಿ."

ಅಷ್ಟರಲ್ಲಿ ಕೂಲರಿನ ನೀರು ಮುಗಿದ ಸದ್ದಾಯಿತು. ಸಿಟ್ಟಿನಿಂದಲೇ ಬಕೆಟ್ಟು ಎತ್ತಿಕೊಂಡು ನಲ್ಲಿಯ ಕಡೆ ಹೋದೆ.