ಪ್ರಿಂಟರ್ ನಿಮ್ಮ ಕೆಲಸವಲ್ಲ

ಜಾಹೀರಾತು ಬರೆಯುವುದು ಸುಲಭವೆಂದು ತಿಳಿದವರಲ್ಲಿ ನಾನೂ ಒಬ್ಬನಾಗಿದ್ದೆ. ನಮ್ಮದನ್ನು ನಾವೇ ಹೊಗಳಿ ಬರೆಯಬೇಕೆಂದರೆ ಪೆನ್ನು ತಾನಾಗಿ ಸುಳ್ಳಿನ ಕಡೆ ವಾಲುತ್ತದೆ. ಅದೂ ಎಂಥ ಸುಳ್ಳು, ಬರೆದವನಿಗೇ ನಿಜವೆನಿಸುವಂಥದ್ದು. ನನ್ನ ಮದುವೆಗೆ ಮುಂಚೆ ನಮ್ಮ ಕಡೆಯ ಹಿರಿಯರು ಹೆಣ್ಣಿನ ಊರಾದ ಇಟ್ಟಿಗಿಗೆ ಹೋಗಿ, ಹುಡುಗ ಬಹಳ ಸಮಾಧಾನಿ ಎಂದು ಹೇಳಿ ಬಂದಿದ್ದರಂತೆ. ಮಧ್ಯಾಹ್ನ ಊಟವಾದ ಮೇಲೆ ಕೂತಲ್ಲೇ ತೂಕಡಿಸುವುದಕ್ಕೆ ಅವರು ಇಟ್ಟ ಹೆಸರು ಸಮಾಧಾನ ಎಂಬುದು ನನ್ನ ಹೆಂಡತಿಗೆ ಗೊತ್ತಾದದ್ದು ಆಮೇಲೆ. ಈಗಲೂ ನೆಂಟರು ಬಂದಾಗ ಅದನ್ನು ಎತ್ತಿ ಆಡುತ್ತಾಳೆ. ಅದಿರಲಿ.

ನಾನು ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ವಿದ್ಯಾಸಂಸ್ಥೆಯಲ್ಲಿ ಕಚೇರಿ ಸೂಪರಿಂಟೆಂಡೆಂಟ್. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯಲ್ಲೂ ನಮ್ಮ ಕಾಲೇಜುಗಳಿವೆ. ಎಲ್ಲ ಊರುಗಳ ಪ್ರವೇಶ, ಹಾಜರಿ, ಅಂಕಪಟ್ಟಿಗಳ ಪ್ರಾಣ ಇರುವುದು ನಮ್ಮ ಕಚೇರಿಯ ಹಿಂದಿನ ಸಣ್ಣ ಕೋಣೆಯಲ್ಲಿರುವ ಸರ್ವರ್‌ನಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವನು ದಾದಾಪೀರ್, ನಮ್ಮ ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ಎಲ್ಲವೂ ನಡೆಯುತ್ತಿರುವಾಗ ಇವನಿಗೇನು ಕೆಲಸ ಎಂದೂ, ನಿಂತಾಗ ಇವನಿಗೇಕೆ ಸಂಬಳ ಎಂದೂ ಕೇಳಿಸಿಕೊಳ್ಳುವ ಹುದ್ದೆ ಅದು. ಸರ್ವರ್ ಬಿಸಿಯಾಗಬಾರದೆಂದು ಆ ಕೋಣೆಯಲ್ಲಿ ಸದಾ ಎ.ಸಿ. ಓಡುತ್ತದೆ. ನಮ್ಮ ಕಡೆಯ ಬೇಸಿಗೆ ಕಂಡವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಮೇಡಂಗಳ ಮಲ್ಲಿಗೆ ದಂಡೆ, ಸಂಸ್ಥೆಯ ಅಧ್ಯಕ್ಷರ ತೋಟದ ಮಾವಿನಹಣ್ಣು, ನನ್ನ ಮಜ್ಜಿಗೆ ತಂಬಿಗೆ ಎಲ್ಲಕ್ಕೂ ಅದೇ ಆಶ್ರಯ. ಊಟದ ನಂತರ ಸ್ವಲ್ಪ ಹೊತ್ತು ನನಗೂ ಅದೇ ಆಶ್ರಯ. ದಾದಾಪೀರ್ ಒಳ್ಳೆಯವನು, ನಾನು ಗೊರಕೆ ಹೊಡೆದರೂ ಫ್ಯಾನಿನ ಸದ್ದೆಂದು ತಿಳಿದು ಸುಮ್ಮನಿರುತ್ತಿದ್ದ.

ಅಂಥವನಿಗೆ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅವನ ಹೆಂಡತಿ ಅಲ್ಲೇ ಟೀಚರು, ಬೇಡವೆನ್ನುವಂತಿಲ್ಲ. ಅಧ್ಯಕ್ಷರು ನನ್ನನ್ನು ಕರೆದು, ವಾರ್ಷಿಕೋತ್ಸವದ ಆಮಂತ್ರಣ ಚೆನ್ನಾಗಿ ಬರೆದಿದ್ದಿರಲ್ಲ, ಇದಕ್ಕೂ ಒಂದು ಜಾಹೀರಾತು ಬರೆಯಿರಿ, ಅನುಭವಸ್ಥರೇ ಬೇಕು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಯಾರೂ ಸಿಗದಿದ್ದರೆ ಪ್ರವೇಶದ ಹೊತ್ತಿಗೆ ಸರ್ವರ್ ಉಸ್ತುವಾರಿ ನಿಮ್ಮದೇ ಎಂದೂ ಸೇರಿಸಿದರು. ಒಮ್ಮೆ ಸಡಿಲಾಗಿದ್ದ ವೈರು ತಳ್ಳಿ ಕಂಪ್ಯೂಟರ್ ಚಾಲೂ ಮಾಡಿದ್ದೆ. ಅಂದಿನಿಂದ ಅವರಿಗೆ ನನ್ನ ಮೇಲೆ ಆ ನಂಬಿಕೆ. ನನಗಂತೂ ಊಟ ಸೇರದಾಯಿತು. ಐದು ಊರಿನ ಮಕ್ಕಳ ಅಂಕಪಟ್ಟಿ ನನ್ನ ಕೈಯಲ್ಲಿ ಏನಾಗಬಹುದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಆದ್ದರಿಂದ ಜೀವ ತೇದು ಬರೆದೆ. “ಕುಟುಂಬದ ವಾತಾವರಣ. ಒತ್ತಡದಲ್ಲೂ ನಗುನಗುತ್ತಾ ದುಡಿಯಬಲ್ಲ ಉತ್ಸಾಹಿಗಳು ಬೇಕಾಗಿದ್ದಾರೆ. ಸರ್ವರ್ ನಿರ್ವಹಣೆ ಹಾಗೂ ಇತರೆ ಕೆಲಸಗಳು. ಅರ್ಹತೆಗೆ ತಕ್ಕ ಆಕರ್ಷಕ ವೇತನ.” ಓದಿ ನನಗೇ ಅರ್ಜಿ ಹಾಕುವ ಆಸೆಯಾಯಿತು. ಉತ್ಸಾಹಿಗಳೇನೋ ಬಂದರು. ಫ್ಲೆಕ್ಸ್ ಮಾಡುವವನೊಬ್ಬ, ಟಿ.ವಿ. ರಿಪೇರಿಯವನೊಬ್ಬ, ಸರ್ವರ್ ಅಂದರೆ ಹೋಟೆಲಿನಲ್ಲಿ ಮಾಡಿದ ಅನುಭವ ಇದೆ ಎಂದ ಮಹಾನುಭಾವನೊಬ್ಬ. ಅನುಭವಸ್ಥರು ಮಾತ್ರ ಈ ಕಡೆ ತಲೆ ಹಾಕಲಿಲ್ಲ.

ಕೊನೆಗೆ ದಾದಾಪೀರ್‌ನನ್ನೇ ಕ್ಯಾಂಟೀನಿಗೆ ಕರೆದೊಯ್ದು, ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮುಂದಿಟ್ಟು, ಏನಪ್ಪಾ ತಪ್ಪಾಗಿದೆ ಎಂದು ಕೇಳಿದೆ. ಅವನು ಮಿರ್ಚಿ ಮುಗಿಸಿಯೇ ಬಾಯಿಬಿಟ್ಟ.

“ಬ್ಯಾಸರ ಮಾಡ್ಕೋಬ್ಯಾಡ್ರಿ ಸರ್. ಇದನ್ನ ಓದಿದ್ರ ನಾನಾ ಬರ್ತಿರ್ಲಿಲ್ಲ.”

ಆಮೇಲೆ ನನ್ನ ಒಂದೊಂದೇ ಸಾಲಿಗೆ ಅರ್ಥ ಹೇಳಿದ. ಕುಟುಂಬದ ವಾತಾವರಣ ಎಂದರೆ ಉಣ್ಣಲು ಕೂತಾಗ ಫೋನು ಬರುತ್ತದೆ ಎಂದರ್ಥವಂತೆ. ನಗುನಗುತ್ತಾ ಎಂದರೆ ಹಿಂದಿನವನು ಅಳುತ್ತಾ ಓಡಿಹೋಗಿದ್ದಾನೆ. ಆಕರ್ಷಕ ವೇತನ ಎಂದರೆ ಹೇಳಲು ನಾಚಿಕೆಯಾಗುವಷ್ಟು. ಇನ್ನು ಇತರೆ ಕೆಲಸಗಳು ಎಂದರೆ ಮೈಕು, ಫ್ಯಾನು, ಅಧ್ಯಕ್ಷರ ಮೊಮ್ಮಗಳ ಮೊಬೈಲು, ಎಲ್ಲಕ್ಕಿಂತ ಮೇಲಾಗಿ ಪ್ರಿಂಟರು. ಹಾಗಾದರೆ ಏನು ಬರೆದರೆ ಬಂದಾರು ಎಂದೆ.

“ಇದ್ದದ್ದು ಬರೀರಿ. ಪಗಾರ ಇಷ್ಟು ಅಂತ ಬರೀರಿ. ಸರ್ವರ್ ಹಳೇದೈತಿ ಅಂತನೂ ಬರೀರಿ. ಹಳೇದಕ್ಕ ನಾವು ಹೆದರಂಗಿಲ್ಲ ಸರ್, ಮುಚ್ಚಿಟ್ರ ಹೆದರ್ತೀವಿ.” ಎದ್ದು ಕೈ ತೊಳೆಯಲು ಹೋದವನು ಅರ್ಧದಿಂದ ತಿರುಗಿ ಬಂದ. “ಪ್ರಿಂಟರ್ ನಿಮ್ಮ ಕೆಲಸ ಅಲ್ಲ ಅಂತ ಬರದ್ರಂತೂ, ನಾನಾ ತಿರುಗಿ ಅರ್ಜಿ ಹಾಕ್ತೀನಿ.”

ಸತ್ಯ ಬರೆಯುವುದು ಇಷ್ಟು ಖುಷಿಯ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಕೂತು ಹೊಸದಾಗಿ ಬರೆದೆ. ಸರ್ವರ್ ಹಳೆಯದು, ಹೊಸದು ಕೊಳ್ಳುವಾಗ ನಿಮ್ಮ ಮಾತೇ ಕೊನೆ. ಜನರೇಟರಿಗೆ ಸ್ವಲ್ಪ ಹಟ. ಭಾನುವಾರ ಕರೆದರೆ ಸೋಮವಾರ ರಜೆ, ಮೈಲಾರದ ಜಾತ್ರೆಗೆ ಹೋದ ದಿನ ಫೋನು ಬಂದ್ ಮಾಡಬಹುದು. ಸರ್ವರ್ ಕೋಣೆಗೆ ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಪ್ರವೇಶವಿಲ್ಲ. ಪ್ರಿಂಟರ್ ನಿಮ್ಮ ಕೆಲಸವಲ್ಲ. ಸಂಬಳವನ್ನೂ ಇದ್ದಂತೆ ಬರೆದೆ. ಅಧ್ಯಕ್ಷರು ಬೈಯುತ್ತಾರೆಂದುಕೊಂಡಿದ್ದೆ. ಅವರು ಪೂರ್ತಿ ಓದಿ, ಕನ್ನಡಕ ತೆಗೆದು, “ಎಲ್ಲಾ ಖರೆ ಐತಿ. ಪ್ರಿಂಟರ್ ಅವರದಲ್ಲಂದ್ರ ಮತ್ತ ಯಾರದ್ರಿ?” ಎಂದು ಕೇಳಿದರು. ಅದೇನು ದೊಡ್ಡದು, ಕಚೇರಿಯಲ್ಲಿ ಯಾರಾದರೂ ನೋಡಿಕೊಳ್ಳುತ್ತೇವೆ ಎಂದೆ, ಬರೆದ ಗುಂಗಿನಲ್ಲಿ. ಅವರು ತಮ್ಮ ಪೆನ್ನಿನಿಂದಲೇ ಕೊನೆಗೆ ಒಂದು ಸಾಲು ಸೇರಿಸಿದರು: “ಅದನ್ನು ಸೂಪರಿಂಟೆಂಡೆಂಟ್ ನೋಡಿಕೊಳ್ಳುತ್ತಾರೆ.”

ಜಾಹೀರಾತು ಹೊರಬಿದ್ದದ್ದೇ ತಡ, ಫೋನಿನ ಮೇಲೆ ಫೋನು. ಪ್ರಿಂಟರ್ ವಿಷಯ ಖರೆಯೇನ್ರಿ ಎಂದೇ ಎಲ್ಲರ ಮೊದಲ ಪ್ರಶ್ನೆ. ಕೊಟ್ಟೂರಿನಿಂದ ಗಿರಿಜಾ ಎಂಬವರು ಖುದ್ದಾಗಿ ಬಂದರು. ಹೊಸಪೇಟೆಯ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಸರ್ವರ್ ಸಾಕಿ ಸಲಹಿದವರು. ಸಂದರ್ಶನಕ್ಕೆಂದು ನಾವು ಕೂತೆವು, ಪ್ರಶ್ನೆಗಳನ್ನೆಲ್ಲ ಅವರೇ ಕೇಳಿದರು. ಬ್ಯಾಕಪ್ ತೆಗೆಯುತ್ತೀರಿ ಸರಿ, ಅದರಿಂದ ಮಾಹಿತಿಯನ್ನು ಎಂದಾದರೂ ವಾಪಸ್ ತಂದು ನೋಡಿದ್ದೀರಾ ಎಂದಾಗ ದಾದಾಪೀರ್ ಹಬ್ಬದ ದಿನ ನೆಂಟರು ಬಂದಂತೆ ಅರಳಿ, ಹೌದೆಂದು ತೋರಿಸಲು ಹೊರಟ. ಎಲ್ಲವೂ ಕೂಡಿಬಂತೆಂದು ನಾನು ಉಸಿರು ಬಿಡುವಷ್ಟರಲ್ಲಿ ಆಕೆ, ಕೋಣೆ ನೋಡೋಣ ಎಂದರು.

ಬಾಗಿಲು ತೆರೆದರೆ ಮಲ್ಲಿಗೆಯ ಘಮ. ಬುಟ್ಟಿ ತುಂಬ ಮಾವಿನಹಣ್ಣು. ಸರ್ವರ್ ಹಿಂದೆ ಚಾಪೆ, ಅದರ ಮೇಲೆ ಹೂವಿನ ಕಸೂತಿಯ ದಿಂಬು. ಇದು ಯಾರದೆಂದು ಆಕೆ ಕೇಳಿದರು. ದಾದಾಪೀರ್ ಎ.ಸಿ. ನೋಡಿದ, ಅಧ್ಯಕ್ಷರು ನನ್ನನ್ನು ನೋಡಿದರು. ಆಕೆ ಹೀಗೇ ವಾಪಸ್ ಹೋದರೆ ಕೋಣೆಯ ಕೀಲಿ ನೇರ ನನ್ನ ಕೈಗೆ. ಆಕೆ ನಿಧಾನವಾಗಿ ಹೇಳಿದರು, “ಜಾಹೀರಾತ್ನಾಗ ಎಲ್ಲಾ ಖರೆ ಬರ್ದೀರಿ. ಈ ದಿಂಬೊಂದು ಬಿಟ್ಟೀರಿ.” ನಾನು ದಿಂಬನ್ನು ಬಗಲಲ್ಲಿಟ್ಟುಕೊಂಡೆ, ಚಾಪೆ ಸುತ್ತಿಕೊಂಡೆ, ತಂಬಿಗೆ ಎತ್ತಿಕೊಂಡು ಹೊರಗೆ ಬಂದೆ. ಆಕೆ ನಕ್ಕು ಕೀಲಿಗೆ ಕೈ ಚಾಚಿದರು. ಆ ಕ್ಷಣ ನನಗಾದ ಸಂತೋಷ ಮಗ ಪಾಸಾದಾಗಲೂ ಆಗಿರಲಿಲ್ಲ.

ಈಗ ಸರ್ವರ್ ಸುಖವಾಗಿದೆ, ಪ್ರವೇಶವೆಲ್ಲ ಸುಸೂತ್ರ. ನಾನು ಮಾತ್ರ ಮಧ್ಯಾಹ್ನ ಅಂಗಿ ಒದ್ದೆ ಮಾಡಿಕೊಂಡು ಪ್ರಿಂಟರಿನ ಹೊಟ್ಟೆಯೊಳಗೆ ಕೈ ಹಾಕಿ ಕೂತಿರುತ್ತೇನೆ. ಹರಪನಹಳ್ಳಿಯಿಂದ ಫೋನು ಬಂದಿತೆಂದರೆ ಅಲ್ಲಿಯ ಪ್ರಿಂಟರೂ ಹಾಳೆ ನುಂಗಿದೆ ಎಂದೇ ಲೆಕ್ಕ. ಮೊನ್ನೆ ತಡೆಯಲಾರದೆ, ತಂಬಿಗೆ ಒಂದನ್ನಾದರೂ ಒಳಗಿಡಲೇ ಎಂದು ಗಿರಿಜಾ ಅವರನ್ನು ಕೇಳಿದೆ. “ಜಾಹೀರಾತು ಬರ್ದೋರು ನೀವಾ ಅಲ್ರಿ ಸರ್?” ಎಂದು ಬಾಗಿಲು ಹಾಕಿಕೊಂಡರು. ನನ್ನ ಹೆಂಡತಿಗಂತೂ ಹಿಡಿಸಲಾರದಷ್ಟು ಖುಷಿ, ಗಂಡ ಹಗಲು ಎಚ್ಚರವಾಗಿದ್ದಾನಲ್ಲ ಎಂದು. ಮುಂದೆ ನನ್ನ ಹುದ್ದೆಗೂ ಜಾಹೀರಾತು ಹಾಕುವ ದಿನ ಬಂದೀತು. ಅದನ್ನೂ ನಾನೇ ಬರೆಯುತ್ತೇನೆ, “ಕುಟುಂಬದ ವಾತಾವರಣ” ಎಂದೇ ಶುರು ಮಾಡುತ್ತೇನೆ.